‘ಹುಷಾರು’ ಅಂದರೆ ಸಾಲದು

ನಮಸ್ಕಾರ. ಚೈನ್‌ಸಾ (ಚೈನ್ ಓಡಿಸಿ ಮರ ಕೊಯ್ಯುವ ಮಷಿನ್) ಕೈಗೆತ್ತಿಕೊಂಡವರಿಗೆ ಎಲ್ಲರೂ ಹೇಳುವ ಮಾತು ಒಂದೇ: “ಹುಷಾರಪ್ಪ.” ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ನನಗೆ ಆ ಮಾತು ಕೇಳಿದರೆ ಭಯವಾಗುತ್ತದೆ. ಯಾಕೆಂದರೆ ಈ ಮಷಿನ್ ಒಮ್ಮೆ ಒದ್ದಿತು ಅಂದರೆ, ಆಮೇಲೆ ಹುಷಾರಾಗಲು ಹೊತ್ತೇ ಇರುವುದಿಲ್ಲ.

ಪೂರ್ತಿ ರೇಸ್ ಕೊಟ್ಟಾಗ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ ಸುಮಾರು 72 ಕಿಲೋಮೀಟರ್. ಬಾರಿನ, ಅಂದರೆ ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿಯ, ಮೇಲಂಚಿನಲ್ಲಿ ಹಲ್ಲುಗಳು ನಿಮ್ಮಿಂದ ಆಚೆಗೆ ಓಡುತ್ತವೆ, ತುದಿಯಲ್ಲಿ ತಿರುಗಿ ಕೆಳಗಿನಿಂದ ನಿಮ್ಮ ಕಡೆ ಬರುತ್ತವೆ. ಆ ತುದಿಯ ಮೇಲಿನ ಅರ್ಧ ಇದೆಯಲ್ಲ, ಅಲ್ಲೇ ಇರುವುದು ಅಪಾಯ. ಅದು ಕೊಂಬೆಗೋ ದಿಮ್ಮಿಗೋ ತಗುಲಿದರೆ ಹಲ್ಲು ಕಚ್ಚಿಕೊಳ್ಳುತ್ತದೆ. ಮುಂದೆ ಹೋಗಲಾರದ ಬಲವೆಲ್ಲ ಬಾರನ್ನು ಮೇಲಕ್ಕೆ, ಹಿಂದಕ್ಕೆ ಎಸೆಯುತ್ತದೆ. ನೇರ ಮುಖಕ್ಕೆ, ಕುತ್ತಿಗೆಗೆ. ಇದನ್ನೇ ಕಿಕ್‌ಬ್ಯಾಕ್ ಅನ್ನುವುದು.

ನನಗೆ ಒಮ್ಮೆ ಆಗಿದೆ. ಬಿದ್ದ ಮರದ ಕೊಂಬೆ ಸವರುತ್ತಿದ್ದೆ. ಸಂಜೆಯಾಗಿತ್ತು, ತೋಳು ಸೋತಿತ್ತು. ಕಣ್ಣು ಎದುರಿನ ಕೊಂಬೆಯ ಮೇಲೇ ಇತ್ತು. ಅದರ ಹಿಂದೆ ಎಲೆಗಳ ಮರೆಯಲ್ಲಿ ಇನ್ನೊಂದು ಇತ್ತು, ಬಾರಿನ ತುದಿ ಅದಕ್ಕೆ ತಗುಲಿತು. ಟಪ್ ಅಂತ ಒಂದು ಸದ್ದು. ನೋಡಿದರೆ ಬಾರು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿದೆ, ಚೈನ್ ನಿಂತಿದೆ. ಮುಂದಿನ ಹಿಡಿಕೆಯ ಎದುರಿಗಿರುವ ಗಾರ್ಡ್ ಮಣಿಕಟ್ಟಿಗೆ ಬಡಿದು ಬ್ರೇಕ್ ಬಿದ್ದಿತ್ತು. ನಾನು ಏನೂ ಮಾಡಿರಲಿಲ್ಲ. ಮಷಿನ್ ಆಫ್ ಮಾಡಿ ನೆಲದ ಮೇಲೆ ಕೂತೆ. ಕೈ ನಡುಗುವುದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು.

ಅವತ್ತು ನನ್ನನ್ನು ಉಳಿಸಿದ್ದು ಬೆಳಿಗ್ಗೆ ಬ್ರೇಕ್ ಸರಿಯಾಗಿದೆಯಾ ಅಂತ ನೋಡಿಕೊಂಡಿದ್ದು. ಮತ್ತೆ, ಎಡಗೈ ಹೆಬ್ಬೆರಳು.

ಈ ಹೆಬ್ಬೆರಳಿನ ವಿಷಯ ಸ್ವಲ್ಪ ಕೇಳಿ. ತುಂಬಾ ಜನ ಅದನ್ನು ಉಳಿದ ಬೆರಳುಗಳ ಪಕ್ಕಕ್ಕೆ, ಹಿಡಿಕೆಯ ಮೇಲೇ ಇಡುತ್ತಾರೆ. ಆರಾಮ ಅನಿಸುತ್ತದೆ. ದಯವಿಟ್ಟು ಬೇಡ. ಹೆಬ್ಬೆರಳು ಹಿಡಿಕೆಯ ಕೆಳಗಿನಿಂದ ಸುತ್ತಿ ಬರಬೇಕು, ಮುಷ್ಟಿ ಕಟ್ಟಿದ ಹಾಗೆ. ಇಲ್ಲದಿದ್ದರೆ ಒದ್ದ ಕೂಡಲೇ ಹಿಡಿಕೆ ಕೈಯಿಂದ ಜಾರುತ್ತದೆ, ಜಾರಿದ ಕೈ ಹೋಗಿ ತಾಗುವುದು ಚೈನಿಗೇ. ಎಡಚರಿಗೂ ಇದೇ ಹಿಡಿತ. ಬಲಗೈ ಹಿಂದೆ, ಎಡಗೈ ಮುಂದೆ ಅಂತಲೇ ಮಷಿನ್ ಮಾಡಿರುತ್ತಾರೆ. ನಿಲ್ಲುವಾಗ ತಲೆ ಬಾರಿನ ನೇರಕ್ಕೆ ಬರದ ಹಾಗೆ ಒಂಚೂರು ಎಡಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬೇಡಿ. ಎರಡು ಹೆಜ್ಜೆ ನಡೆಯುವುದಿದ್ದರೂ ಬ್ರೇಕ್ ಹಾಕಿ.

ಇನ್ನು ಪ್ಯಾಂಟ್. ಗಾಯ ಜಾಸ್ತಿ ಆಗುವುದು ಕಾಲಿಗೆ. ಚೈನ್‌ಸಾ ಪ್ಯಾಂಟ್ ಅಂದರೆ ಸುಮ್ನೆ ದಪ್ಪ ಬಟ್ಟೆ ಅಂದುಕೊಂಡಿರುತ್ತಾರೆ. ಅಲ್ಲ. ಅದರೊಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಚೈನ್ ತಾಗಿದ ತಕ್ಷಣ ಆ ನೂಲನ್ನು ತಾನೇ ಎಳೆದುಕೊಳ್ಳುತ್ತದೆ. ನೂಲು ಚೈನ್ ತಿರುಗಿಸುವ ಚಕ್ರಕ್ಕೆ ಸುತ್ತಿಕೊಂಡು ಮಷಿನ್ ಸಿಕ್ಕಿಬೀಳುತ್ತದೆ. ಒಮ್ಮೆ ತಾಗಿದ ಪ್ಯಾಂಟ್ ಮತ್ತೆ ಬಳಸಬಾರದು. ಒಂದು ವಿಷಯ ನೆನಪಿರಲಿ, ಕರೆಂಟಿನ ಮಷಿನಿನ ಮೋಟಾರ್ ಅಷ್ಟು ಸುಲಭಕ್ಕೆ ಸಿಕ್ಕಿಬೀಳದೆ ಇರಬಹುದು. ಸದ್ದು ಕಡಿಮೆ ಅಂತ ಅದನ್ನು ಆಟಿಕೆ ಅಂದುಕೊಳ್ಳಬೇಡಿ. ಪೆಟ್ರೋಲ್ ಮಷಿನಿನ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿಗೆ ಸದ್ದು ತಡೆಯುವ ಮಫ್ ಬೇಕೇ ಬೇಕು.

“ಐದು ನಿಮಿಷದ ಕೆಲಸಕ್ಕೆ ಇಷ್ಟೆಲ್ಲಾ ಬೇಕಾ?” ಅಂತ ಕೇಳುತ್ತಾರೆ. ಬೇಕು. ಪ್ಯಾಂಟ್, ಹೆಲ್ಮೆಟ್, ಮಫ್, ಗಟ್ಟಿ ಬೂಟು, ಇಷ್ಟೂ ಮಷಿನಿನ ಖರ್ಚಿಗೇ ಸೇರಬೇಕು. ದುಡ್ಡು ಸಾಲದಿದ್ದರೆ ಒಂದು ಸೈಜ್ ಚಿಕ್ಕ ಮಷಿನ್ ತೆಗೆದುಕೊಳ್ಳಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಚೈನ್ ಮೊಂಡಾದರೆ ಅಪಾಯ ಕಡಿಮೆ ಅನ್ನುವುದೂ ತಪ್ಪು. ಹರಿತ ಇದ್ದರೆ ಮಷಿನ್ ತಾನಾಗಿ ಮರದೊಳಗೆ ಇಳಿಯುತ್ತದೆ, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ ಅಂತ ಅರ್ಥ. ಆಗ ನೀವು ಮೈಭಾರ ಹಾಕಿ ಒತ್ತುತ್ತೀರಿ. ಒತ್ತುವಾಗ ಮರ ತಟ್ಟನೆ ತುಂಡಾದರೆ ಬಾರು ಎಲ್ಲಿಗೆ ಬರುತ್ತದೆ? ನಿಮ್ಮ ಕಾಲಿಗೆ, ಅಲ್ವಾ? ನಿಲ್ಲಿಸಿ, ಅರ ಹಾಕಿ.

ನಿಂತ ಮರ ಉರುಳಿಸುವುದು ಬೇರೆಯದೇ ವಿದ್ಯೆ. ಮರ ಬೀಳುವ ದಿಕ್ಕಿಗೆ ಹಿಂದೆ, ಓರೆಯಾಗಿ 45 ಡಿಗ್ರಿಯಲ್ಲಿ ಓಡಲು ದಾರಿ ಮೊದಲೇ ಬಿಡಿಸಿಟ್ಟುಕೊಳ್ಳಬೇಕು. ಬೇರೆಯವರು ಮರದ ಎತ್ತರದ ಎರಡರಷ್ಟು ದೂರ ಇರಬೇಕು. ಇದನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಿರಿ, ವಿಡಿಯೋ ನೋಡಿ ಅಲ್ಲ. ನನ್ನ ವಿಡಿಯೋ ನೋಡಿಯೂ ಅಲ್ಲ. ಇನ್ನೊಂದು ಮರಕ್ಕೆ ಸಿಕ್ಕಿಕೊಂಡು ಅರ್ಧಕ್ಕೆ ನಿಂತ ಮರವನ್ನಂತೂ ನಾನು ಮುಟ್ಟುವುದೇ ಇಲ್ಲ. ಅದರ ಕೆಳಗೆ ಯಾರೂ ಹೋಗದಂತೆ ಅಡ್ಡ ಕಟ್ಟಿ, ಕಲಿತವರಿಗೆ ಫೋನ್ ಮಾಡುತ್ತೇನೆ.