ಯಂತ್ರ ಕೂಗಿದಾಗ ನಿಲ್ಲಿಸುವವರು ಯಾರು?

ಕೇಳುಗರಿಗೆ ನಮಸ್ಕಾರ.

ಅಕ್ಕಿ ಗಿರಣಿಯ ಮೋಟಾರು ಸದ್ದು ಬದಲಾಯಿಸಿದಾಗ ಹಳೇ ಮೆಕ್ಯಾನಿಕ್‌ಗಳು ಏನು ಮಾಡುತ್ತಾರೆ ಅಂತ ನೋಡಿದ್ದೀರಾ? ಮೊದಲು ಸ್ಪ್ಯಾನರಿಗೆ ಕೈ ಹಾಕುವುದಿಲ್ಲ. ಉದ್ದನೆಯ ಒಂದು ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಅದರ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸುತ್ತಾರೆ. ಸುತ್ತ ಬೆಲ್ಟು ಬಡಿಯುತ್ತಿರುತ್ತದೆ, ಜರಡಿ ಕುಲುಕುತ್ತಿರುತ್ತದೆ, ಯಾರೋ ಮೂಟೆ ಎಣಿಸುತ್ತಿರುತ್ತಾರೆ. ಅವರಿಗೆ ಅದ್ಯಾವುದೂ ಬೇಡ. ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿ, "ಹಿಂದಿನ ಬೇರಿಂಗ್ ಹೋಗಿದೆ, ಮುಂದಿನದಕ್ಕೆ ಏನೂ ಆಗಿಲ್ಲ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಹಾಗೇ ಇರುತ್ತದೆ. ಗಾಳಿಯಲ್ಲಿ ಬರುವ ಸದ್ದಲ್ಲಿ ಎಲ್ಲವೂ ಕಲಸಿಕೊಂಡಿರುತ್ತದೆ. ಉಕ್ಕಿನ ಕಡ್ಡಿ ಮಾತ್ರ ತಾನು ಮುಟ್ಟಿದ ಜಾಗದ ಅದುರನ್ನು ನೇರವಾಗಿ ಮೂಳೆಗೆ ತಲುಪಿಸುತ್ತದೆ. ಓಡುವ ಬೆಲ್ಟಿನ ಹತ್ತಿರ ನೀವು ಇದನ್ನು ಮಾಡಲು ಹೋಗಬೇಡಿ, ಆ ಮಾತು ಬೇರೆ.

ಸ್ಮಾರ್ಟ್ ಸೆನ್ಸರ್, ಕೃತಕ ಬುದ್ಧಿಮತ್ತೆ ಅಂತ ಈಗ ಕಾರ್ಖಾನೆಗಳಲ್ಲಿ, ಸೇತುವೆಗಳಲ್ಲಿ, ಅಣೆಕಟ್ಟುಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಆ ಸ್ಕ್ರೂಡ್ರೈವರಿನ ಕೆಲಸವೇ. ಆದರೆ ಇಲ್ಲಿ ಕೇಳುವವರಿಗೆ ನಿದ್ದೆ ಇಲ್ಲ, ಬೇಜಾರಿಲ್ಲ. ಹಾಗಂತ ಕೇಳಿಸಿಕೊಂಡದ್ದಕ್ಕೆಲ್ಲ ಅರ್ಥ ಗೊತ್ತು ಅಂತಲೂ ಅಲ್ಲ.

ಬೇರಿಂಗಿನ ಒಳಗೆ ಏನಾಗುತ್ತದೆ, ಸ್ವಲ್ಪ ಹತ್ತಿರದಿಂದ ನೋಡೋಣ. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ಹಾಕುವ ಒಂದು ಬೇರಿಂಗ್ ಇದೆ, ನಂಬರ್ 6205. ಅಂಗಡಿಗೆ ಹೋಗಿ ನಂಬರ್ ಹೇಳಿದರೆ ಸಾಕು, ಕೊಡುತ್ತಾರೆ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವೆ ಸಾಮಾನ್ಯವಾಗಿ 9 ಗುಂಡು. ಒಳಗಿನ ಬಳೆ ಶಾಫ್ಟಿನ ಜೊತೆ ತಿರುಗುತ್ತದೆ. ಹೊರಗಿನದು ಕೂತಲ್ಲೇ ಇರುತ್ತದೆ. ಗುಂಡುಗಳು ಉರುಳುತ್ತಾ, ಶಾಫ್ಟಿನ ವೇಗದ ಸುಮಾರು ನೂರಕ್ಕೆ ನಲವತ್ತರಷ್ಟು ವೇಗದಲ್ಲಿ ಸುತ್ತು ಹೊಡೆಯುತ್ತವೆ. ಮೋಟಾರು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು ಆಯಿತು. ಗುಂಡುಗಳ ಸಾಲು ಸೆಕೆಂಡಿಗೆ ಸುಮಾರು 10 ಸುತ್ತು. ಈಗ ಹೊರಬಳೆಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚಕ್ಕೆ ಎದ್ದಿದೆ ಅಂತಿಟ್ಟುಕೊಳ್ಳಿ. ಪ್ರತಿ ಗುಂಡೂ ಅದರ ಮೇಲೆ ಹಾಯುವಾಗ ಒಂದು ಪೆಟ್ಟು. 9 ಗುಂಡು, 10 ಸುತ್ತು. ಸೆಕೆಂಡಿಗೆ ಸುಮಾರು 90 ಪೆಟ್ಟು. ಅದೇ ಚಕ್ಕೆ ಒಳಬಳೆಯಲ್ಲಿ ಎದ್ದರೆ ಲೆಕ್ಕ ಬೇರೆ, ಸುಮಾರು 135. ಅಂದರೆ ಪೆಟ್ಟು ಎಣಿಸಿದರೆ ಬೇರಿಂಗ್ ಬಿಚ್ಚದೆಯೇ ಯಾವ ಬಳೆ ಕೆಟ್ಟಿದೆ ಅಂತ ಹೇಳಬಹುದು. ನನಗೆ ಇವತ್ತಿಗೂ ಇದು ಖುಷಿ ಕೊಡುವ ಲೆಕ್ಕ.

ಈ ಪೆಟ್ಟು ಮೊದಮೊದಲು ಬಹಳ ಮೆತ್ತಗಿರುತ್ತದೆ. ಮೋಟಾರಿನ ಮಾಮೂಲಿ ಅದುರಿನ ಕೆಳಗೆ ಹೂತುಹೋಗಿರುತ್ತದೆ. ಅದನ್ನು ಹೆಕ್ಕುವುದಕ್ಕೆ ಬೇರಿಂಗಿನ ಮೈಮೇಲೆ ಒಂದು ಸೆನ್ಸರ್ ಅಂಟಿಸುತ್ತಾರೆ. ಅದರೊಳಗೆ ಒತ್ತಿದರೆ ವಿದ್ಯುತ್ ಹುಟ್ಟಿಸುವ ಒಂದು ಹರಳು ಇರುತ್ತದೆ. ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಸೆನ್ಸರ್ ಸೆಕೆಂಡಿಗೆ ಸಾವಿರಾರು ಸಲ ಅದುರನ್ನು ಅಳೆಯುತ್ತದೆ. ಆಮೇಲೆ ಕಂಪ್ಯೂಟರ್ ಆ ಕಲಸುಮೇಲೋಗರವನ್ನು ಬಿಡಿಸಿ, ಯಾವ ವೇಗದ ಅದುರು ಎಷ್ಟಿದೆ ಅಂತ ಪಟ್ಟಿ ಮಾಡುತ್ತದೆ. ಇದಕ್ಕೆ ಬೇಕಾದ ಗಣಿತ ಕೊಟ್ಟವರು 19ನೇ ಶತಮಾನದ ಫೂರಿಯೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಅದನ್ನು ಬೇಗ ಮಾಡುವ ದಾರಿ ಪ್ರಕಟಿಸಿದ ಮೇಲೆ ಅದು ಕಂಪ್ಯೂಟರಿಗೆ ಸಲೀಸಾಯಿತು. ಇಲ್ಲಿವರೆಗೆ ಕೃತಕ ಬುದ್ಧಿಮತ್ತೆ ಬಂದೇ ಇಲ್ಲ, ಗಮನಿಸಿ. ಸುಮ್ನೆ ಭೌತಶಾಸ್ತ್ರ ಮತ್ತು ಗುಣಾಕಾರ.

ಹಾಗಾದರೆ ಅದು ಎಲ್ಲಿ ಬೇಕಾಗುತ್ತದೆ? ಒಂದೇ ಮೋಟಾರಾದರೆ ಬೇಡ. ಆದರೆ ದೊಡ್ಡ ಕಾರ್ಖಾನೆಯಲ್ಲಿ ಪಂಪು, ಫ್ಯಾನು, ಗೇರ್‌ಬಾಕ್ಸು ಎಲ್ಲ ಸೇರಿ ನೂರಾರು ಇರುತ್ತವೆ. ಒಂದೇ ಕಂಪನಿಯ ಒಂದೇ ಮಾಡೆಲಿನ ಎರಡು ಪಂಪುಗಳೂ ಒಂದೇ ಥರ ಅದುರುವುದಿಲ್ಲ. ಒಂದರ ಕೆಳಗಿನ ಕಾಂಕ್ರೀಟ್ ಗಟ್ಟಿ, ಇನ್ನೊಂದರ ಬೋಲ್ಟು ಸ್ವಲ್ಪ ಸಡಿಲ, ಅಷ್ಟೇ ಸಾಕು. ಅದಕ್ಕೇ ಪ್ರತಿ ಯಂತ್ರ ಚೆನ್ನಾಗಿರುವಾಗ ಹೇಗೆ ಓಡುತ್ತದೆ ಅನ್ನುವುದನ್ನು ಪ್ರೋಗ್ರಾಮಿಗೆ ಕೆಲವು ವಾರ ಕೇಳಿಸುತ್ತಾರೆ. ಅದು ಆ ಸದ್ದನ್ನು ತಾನೇ ಮತ್ತೆ ಕಟ್ಟಲು ಕಲಿಯುತ್ತದೆ. ಕಲಿತ ಮೇಲೆ ಒಂದು ದಿನ ತಾನು ಕಟ್ಟಿದ್ದಕ್ಕೂ ಸೆನ್ಸರ್ ಕಳಿಸಿದ್ದಕ್ಕೂ ಹೊಂದದಿದ್ದರೆ, "ಇದು ನಾನು ಕೇಳಿದ್ದಲ್ಲ" ಅಂತ ಎಚ್ಚರಿಸುತ್ತದೆ. ಏನು ಕೆಟ್ಟಿದೆ ಅಂತ ಅದಕ್ಕೆ ಗೊತ್ತಿರಬೇಕಾಗಿಲ್ಲ. ಕೆಟ್ಟದ್ದನ್ನು ಕಲಿಸುವುದು ಹೇಗೂ ಕಷ್ಟ, ಅಲ್ವಾ? ಕಲಿಸುವುದಕ್ಕೆ ಅಂತ ಯಾವ ಮಾಲೀಕನೂ ತನ್ನ ಯಂತ್ರ ಕೆಡಿಸಿ ಕೊಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ವಿಷಯದ ಸಂಶೋಧನೆಗಳಲ್ಲಿ "ನೂರಕ್ಕೆ ತೊಂಬತ್ತೊಂಬತ್ತು ಸರಿ" ಅನ್ನುವ ಮಾತು ಜಾಸ್ತಿ ಕಾಣಿಸುತ್ತದೆ. ಅವುಗಳಲ್ಲಿ ಎಷ್ಟೋ ಪರೀಕ್ಷೆಗಳು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಬೇರಿಂಗ್ ಮಾಹಿತಿಯ ಮೇಲೆ ನಡೆದವು. ನಾನಾಗ ಹೇಳಿದ 6205 ಬೇರಿಂಗೇ ಅದರಲ್ಲೂ ಇದೆ. ಅಲ್ಲಿ ವಿದ್ಯುತ್ ಕಿಡಿಯಿಂದ ಬೇರಿಂಗಿಗೆ ಬೇಕೆಂದೇ ಚಿಕ್ಕ ಗಾಯ ಮಾಡಿ, ಓಡಿಸಿ, ಅದುರು ದಾಖಲಿಸಿದರು. ಅಚ್ಚುಕಟ್ಟಾದ ಗಾಯ, ಒಂದೇ ಮೋಟಾರು, ಶಾಂತವಾದ ಲ್ಯಾಬು. ಎಷ್ಟೋ ಜನ ಒಂದೇ ದಾಖಲೆಯನ್ನು ತುಂಡು ಮಾಡಿ, ಅರ್ಧದಿಂದ ಕಲಿಸಿ, ಉಳಿದರ್ಧದಿಂದ ಪರೀಕ್ಷೆ ಮಾಡಿದರು. ನೋಟ್ಸಿನಲ್ಲಿದ್ದ ಲೆಕ್ಕವನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಹಾಗೆ. ಅಂಥ ಅಂಕ ತೋರಿಸಿ ನಿಮಗೆ ಯಾರಾದರೂ ಯಂತ್ರ ಮಾರಲು ಬಂದರೆ, "ನಮ್ಮ ಧೂಳಿನಲ್ಲಿ, ನಮ್ಮ ವೋಲ್ಟೇಜಿನಲ್ಲಿ ಮೂರು ತಿಂಗಳು ಓಡಿಸಿ ತೋರಿಸಿ" ಅನ್ನಿ.

ಮೋಟಾರಿನಿಂದ ಸೇತುವೆಗೆ ಬಂದರೆ ಕೆಲಸ ಇನ್ನೂ ಕಷ್ಟ. ಪ್ರತಿ ಸೇತುವೆಗೂ ತನ್ನದೇ ಆದ ಒಂದು ಅದುರು ಇರುತ್ತದೆ. ಬಿರುಕು ಬಿಟ್ಟು ಬಿಗಿ ಕಡಿಮೆಯಾದರೆ ಆ ಅದುರು ನಿಧಾನವಾಗುತ್ತದೆ. ತತ್ವ ಸರಳ. ಸ್ವಿಟ್ಜರ್‌ಲೆಂಡಿನಲ್ಲಿ ಝಡ್ 24 ಅನ್ನುವ ಒಂದು ಹೆದ್ದಾರಿ ಸೇತುವೆ ಇತ್ತು. ಅದನ್ನು ಹೇಗೂ ಕೆಡವಬೇಕಾಗಿತ್ತು. ಹಾಗಾಗಿ ಸಂಶೋಧಕರು 1997ರ ಕೊನೆಯಿಂದ ಹೆಚ್ಚು ಕಡಿಮೆ ಒಂದು ವರ್ಷ ಅದನ್ನು ಅಳೆದರು. ಆಮೇಲೆ 1998ರಲ್ಲಿ ಬೇಕೆಂದೇ ಒಂದು ಕಂಬ ಕುಸಿಸಿದರು, ಒಳಗಿನ ಉಕ್ಕಿನ ತಂತಿ ಕತ್ತರಿಸಿದರು. ಸೇತುವೆ ಏನು ಹೇಳುತ್ತದೆ ಅಂತ ನೋಡಿದರು. ಅದು ಹೇಳಿತು, ನಿಜ. ಆದರೆ ಚಳಿಗಾಲದಲ್ಲಿ ಇನ್ನೊಂದು ಸಂಗತಿ ಗೊತ್ತಾಗಿತ್ತು. ಚಳಿ ಸೊನ್ನೆಗಿಂತ ಕೆಳಗಿಳಿದಾಗ ಮೇಲಿನ ಡಾಂಬರು ಗಡಸಾಗಿ ಸೇತುವೆಯೇ ಬಿಗಿಯಾದಂತೆ ಅದುರು ವೇಗವಾಗುತ್ತಿತ್ತು. ಚಳಿಯಿಂದ ಆದ ಬದಲಾವಣೆ, ಶುರುವಿನ ಗಾಯದಿಂದ ಆಗುವ ಬದಲಾವಣೆಯನ್ನು ನುಂಗಿಬಿಡುವಷ್ಟಿತ್ತು. ರಾಯಚೂರಿನ ಬಿಸಿಲಿಗೂ ಇದೇ ಮಾತು, ದಿಕ್ಕು ಉಲ್ಟಾ ಅಷ್ಟೆ. ಹಾಗಾಗಿ ಸೇತುವೆಗೆ ಸೆನ್ಸರ್ ಹಾಕಿದ ಮಾರನೇ ದಿನವೇ ಫಲಿತಾಂಶ ಕೇಳಬಾರದು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಬೇಕು.

ಇಷ್ಟೆಲ್ಲ ಮಾಡಿ ಎಚ್ಚರಿಕೆ ಬಂತು ಅಂತಿಟ್ಟುಕೊಳ್ಳಿ. ಆಮೇಲೆ? ನಿಜವಾದ ಕಷ್ಟ ಇಲ್ಲಿ ಶುರುವಾಗುತ್ತದೆ.

2007ರ ಆಗಸ್ಟ್ 1ರ ಸಂಜೆ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಯ ಮೇಲಿನ ಹೆದ್ದಾರಿ ಸೇತುವೆ ಕುಸಿಯಿತು. 13 ಜನ ಸತ್ತರು. ಉಕ್ಕಿನ ತೊಲೆಗಳನ್ನು ಜೋಡಿಸುವ ತಗಡುಗಳು ಇರಬೇಕಾದ್ದರ ಅರ್ಧದಷ್ಟು ದಪ್ಪ ಮಾತ್ರ ಇದ್ದವು. 1960ರ ದಶಕದಲ್ಲಿ ನಕ್ಷೆ ಬರೆದಾಗಲೇ ಆದ ತಪ್ಪು ಅದು. ದುರಸ್ತಿಗೆ ತಂದ ಜಲ್ಲಿ, ಮರಳು, ವಾಹನಗಳು ಆ ದಿನ ಸೇತುವೆಯ ಮೇಲೇ ಇದ್ದವು. ತನಿಖೆಯಲ್ಲಿ ಹೊರಬಂದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಆ ತಗಡುಗಳು ಬಾಗಿರುವುದು 1999ರ ಮತ್ತು 2003ರ ಫೋಟೋಗಳಲ್ಲೇ ಕಾಣುತ್ತಿತ್ತು. ಮಾಹಿತಿ ಕಡತದಲ್ಲಿತ್ತು. ಅದು ಏನು ಹೇಳುತ್ತಿದೆ ಅಂತ ಓದಿದವರಿಲ್ಲ. ಅದೇ ಜಾಗದಲ್ಲಿ 2008ರಲ್ಲಿ ಕಟ್ಟಿದ ಹೊಸ ಸೇತುವೆಯಲ್ಲಿ 300ಕ್ಕೂ ಹೆಚ್ಚು ಸೆನ್ಸರ್‌ಗಳಿವೆ. ಒಳ್ಳೆಯದೇ. ಆದರೆ ಒಂದು ಫೋಟೋವನ್ನು ಓದದ ಕಚೇರಿ 300 ಸೆನ್ಸರ್‌ಗಳನ್ನು ಓದುತ್ತದೆ ಅನ್ನುವುದಕ್ಕೆ ಖಾತ್ರಿ ಏನು? ಇಂಥ ಕಡೆ, ಹಳೇ ಫೋಟೋ ಹೊಸ ಫೋಟೋ ಅಕ್ಕಪಕ್ಕ ಇಟ್ಟು "ಇಲ್ಲಿ ಬಾಗಿದೆ ನೋಡಿ" ಅನ್ನುವ ಪ್ರೋಗ್ರಾಮು ನಿಜಕ್ಕೂ ಉಪಯೋಗ. ಅದು ಜೇಡರಬಲೆಯನ್ನೂ ಪಾಚಿಯ ಗೆರೆಯನ್ನೂ ಬಿರುಕು ಅಂದುಕೊಳ್ಳಬಹುದು, ಪರವಾಗಿಲ್ಲ, ಮನುಷ್ಯರು ಒಮ್ಮೆ ನೋಡಿ ತೆಗೆದುಹಾಕಲಿ.

ಇದಕ್ಕೆ ಎದುರಾಗಿ ಪಾಂಬನ್ ನೋಡಿ. ರಾಮೇಶ್ವರಕ್ಕೆ ರೈಲಿನಲ್ಲಿ ಹೋಗುವವರು ದಾಟುತ್ತಿದ್ದ ಹಳೇ ಸೇತುವೆ. 1914ರದ್ದು. ನಡುವಿನ ಭಾಗ ಹಡಗು ಬಂದಾಗ ಎರಡು ಕಡೆಗೂ ಮೇಲೇಳುತ್ತಿತ್ತು. ನೂರು ವರ್ಷದ ಉಪ್ಪುಗಾಳಿ ಕುಡಿದ ಉಕ್ಕು. ಅದಕ್ಕೆ ಐಐಟಿ ಮದ್ರಾಸಿನವರ ಸೆನ್ಸರ್ ವ್ಯವಸ್ಥೆ ಹಾಕಿದ್ದರು. 2022ರ ಡಿಸೆಂಬರಿನಲ್ಲಿ ಆ ನಡುವಿನ ಭಾಗದಿಂದ ಅಪಾಯದ ಸೂಚನೆ ಬಂತು. ರೈಲು ನಿಲ್ಲಿಸಿದರು. ಯಾತ್ರಿಕರಿಗೆ ತೊಂದರೆಯಾಯಿತು. ಮಂಡಪಂನಲ್ಲಿ ಇಳಿದು ಬಸ್ಸು ಹಿಡಿಯಬೇಕಾಯಿತು. ಆದರೂ ನಿಲ್ಲಿಸಿದರು. ಮತ್ತೆ ಆ ಸೇತುವೆಯ ಮೇಲೆ ಪ್ರಯಾಣಿಕರ ರೈಲು ಓಡಲಿಲ್ಲ. ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ತೆರೆಯಿತು. ಸೆನ್ಸರಿಗೆ ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ, ಆ ಸೂಚನೆ ಬಂದ ದಿನ "ರೈಲು ಬೇಡ" ಅನ್ನುವ ಅಧಿಕಾರ ಒಬ್ಬರ ಕೈಯಲ್ಲಿತ್ತಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ನಮ್ಮ ರೈಲ್ವೆಯಲ್ಲಿ ಇದಕ್ಕೆ ಇನ್ನೊಂದು ಉದಾಹರಣೆ ಇದೆ. ಬ್ರೇಕ್ ಕಚ್ಚಿ ಚಕ್ರ ಉರುಳದೆ ಜಾರಿದರೆ ಅದರ ಅಂಚಿನಲ್ಲಿ ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ಗಾಡಿ ಹೋಗುವಾಗ ಟಕ್, ಟಕ್ ಅಂತ ನೀವೂ ಕೇಳಿರುತ್ತೀರಿ. ಹಳಿಗೆ ಅಂಟಿಸಿದ ಸೆನ್ಸರ್‌ಗಳು ಪ್ರತಿ ಚಕ್ರದ ಪೆಟ್ಟನ್ನೂ ಅಳೆಯುತ್ತವೆ. ಪೆಟ್ಟು ಮಿತಿ ಮೀರಿದರೆ ಮುಂದೆ ಏನು ಮಾಡಬೇಕು ಅನ್ನುವುದು ಮೊದಲೇ ಬರೆದಿಟ್ಟಿದೆ. ಆ ಹೊತ್ತಿನಲ್ಲಿ ಚರ್ಚೆ ಇಲ್ಲ.

ಕಾರ್ಖಾನೆಗಳಲ್ಲಿ ಹೀಗೆ ಬರೆದಿಟ್ಟವರು ಕಡಿಮೆ. ರಾತ್ರಿ ಪಾಳಿಯಲ್ಲಿ ಪರದೆಯ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತದೆ. ಕೇಳಿದರೆ, "ಅದು ಯಾವಾಗ್ಲೂ ಹಾಗೇ ಬರತ್ತೆ ಸರ್" ಅನ್ನುವ ಉತ್ತರ. ತಪ್ಪು ಅವರದ್ದಲ್ಲ. ಪ್ರೋಗ್ರಾಮು ಬೇಡದ್ದಕ್ಕೆಲ್ಲ ಕೂಗಿ ಕೂಗಿ ಅವರ ಕಿವಿ ಮುಚ್ಚಿಸಿದೆ. ಜೊತೆಗೆ ಲೈನ್ ನಿಲ್ಲಿಸಿದರೆ ಬೆಳಿಗ್ಗೆ ಕಾರಣ ಹೇಳಬೇಕಾದವರು ಅವರೇ. ಬೇರಿಂಗ್ ಚೆನ್ನಾಗಿತ್ತು ಅಂತಾದರೆ ಬೈಗುಳ ಬೇರೆ. ಇಂಥ ಕಡೆ ಇನ್ನೂ ಜಾಣ ಪ್ರೋಗ್ರಾಮು ತಂದು ಹಾಕಿ ಏನು ಪ್ರಯೋಜನ?

ಇನ್ನು ಹೊಸಪೇಟೆಯ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಕಾಲುವೆ ನಂಬಿ ಕೂತ ರೈತರ ಕಣ್ಣೆದುರೇ ನೀರು ನದಿಗೆ ಹರಿಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಅಣೆಕಟ್ಟಿಗೆ ಆಗ 70 ವರ್ಷ ದಾಟಿತ್ತು.

"ಸೆನ್ಸರ್ ಇದ್ದಿದ್ದರೆ?" ಅಂತ ಆಗ ಬಹಳ ಜನ ಕೇಳಿದರು. ನನ್ನ ಉತ್ತರ ಸ್ವಲ್ಪ ನಿರಾಸೆ ತರಬಹುದು. ಗೇಟು ಎತ್ತುವಾಗ ಎಡಗಡೆ ಬಲಗಡೆ ಸರಪಳಿಗಳಲ್ಲಿ ಎಷ್ಟೆಷ್ಟು ಭಾರ ಅಂತ ಸೆನ್ಸರ್ ಅಳೆಯಬಲ್ಲದು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿದ್ದರೆ ಹೇಳಬಲ್ಲದು. ಮೋಟಾರು ಮೊದಲಿಗಿಂತ ಜಾಸ್ತಿ ಕರೆಂಟು ಎಳೆಯುತ್ತಿದ್ದರೆ ಗೇಟು ಎಲ್ಲೋ ಉಜ್ಜುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಆದರೆ ಗೇಟುಗಳು ವರ್ಷದಲ್ಲಿ ಅಲ್ಲಾಡುವುದೇ ಅಪರೂಪ. ದಿನವಿಡೀ ಓಡುವ ಮೋಟಾರಿನ ಹಾಗೆ ಅಲ್ಲಿ ಕಲಿಯಲು ಸದ್ದೇ ಇಲ್ಲ. ತುಕ್ಕಿನಡಿಯ ಕೂದಲೆಳೆ ಬಿರುಕು ಮೇಲಿನಿಂದ ಭಾರ ಅಳೆದರೆ ತಿಳಿಯುವುದಿಲ್ಲ. ಅದಕ್ಕೆ ಕೊಂಡಿ ಕೊಂಡಿಯನ್ನೂ ತೊಳೆದು, ಬಣ್ಣದ ದ್ರವ ಹಚ್ಚಿಯೋ ಅಲ್ಟ್ರಾಸೌಂಡ್ ಹಿಡಿದೋ ನೋಡಬೇಕು. ಹಗ್ಗಕ್ಕೆ ಜೋತುಬಿದ್ದು ಮಾಡುವ ಕೆಲಸ ಅದು. ಅಣೆಕಟ್ಟುಗಳಲ್ಲಿ ಅಳತೆಯ ಉಪಕರಣ ಇರಲೇಬೇಕು ಅಂತ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಸರಿ. ಅಣೆಕಟ್ಟಿನ ಸುರಕ್ಷತೆಗೆ ಖರ್ಚು ಮಾಡುವ ದುಡ್ಡಿನಲ್ಲಿ ಮೊದಲ ಪಾಲು ಗ್ರೀಸಿಗೆ, ಬಣ್ಣಕ್ಕೆ, ಹಗ್ಗಕ್ಕೆ ಜೋತುಬೀಳುವವರ ಸಂಬಳಕ್ಕೆ ಹೋಗಲಿ ಅಂತ ನಾನು ಕೇಳುತ್ತೇನೆ. ಸೆನ್ಸರ್ ಎರಡನೆಯದು.

ಚಿಕ್ಕ ಗಿರಣಿ, ಎಣ್ಣೆ ಗಾಣ, ಐಸ್ ಫ್ಯಾಕ್ಟರಿ ನಡೆಸುವವರು ಕೇಳುತ್ತಿದ್ದರೆ ಎರಡು ಮಾತು. ಮೊಬೈಲ್ ಆ್ಯಪ್ ನಂಬಿ ಬೇರಿಂಗ್ ನೋಡಲು ಹೋಗಬೇಡಿ. ಫೋನಿನೊಳಗಿನ ಸೆನ್ಸರ್ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ. ಪೆಟ್ಟು ಸೆಕೆಂಡಿಗೆ 90 ಇರಬಹುದು, ಆದರೆ ಶುರುವಿನಲ್ಲಿ ಪ್ರತಿ ಪೆಟ್ಟಿಗೂ ಉಕ್ಕಿನಲ್ಲಿ ಏಳುವ ಝೇಂಕಾರ ಅದಕ್ಕಿಂತ ಎಷ್ಟೋ ವೇಗದ್ದು, ಫೋನಿಗೆ ಸಿಗುವುದಿಲ್ಲ. ಪುಲ್ಲಿ ಒಂದು ಕಡೆ ಭಾರವಾಗಿದೆಯಾ ಅಂತ ನೋಡಲು ಬೇಕಾದರೆ ಆದೀತು. ಎರಡನೆಯದು, ಎಲ್ಲ ಯಂತ್ರಕ್ಕೂ ಸೆನ್ಸರ್ ಬೇಡ. ಯಾವುದು ನಿಂತರೆ ಇಡೀ ಗಿರಣಿ ನಿಲ್ಲುತ್ತದೋ ಅದೊಂದಕ್ಕೆ ಹಾಕಿಸಿ. ಅದನ್ನು ಹೊಸ ಬೇರಿಂಗ್ ಹಾಕಿದ ವಾರವೇ ಹಾಕಿಸಿ, ಚೆನ್ನಾಗಿರುವಾಗಿನ ಅಳತೆ ಕೈಯಲ್ಲಿರಲಿ. ಕೆಂಪು ದೀಪ ಬಂದರೆ ನಿಲ್ಲಿಸುವವರು ಯಾರು ಅಂತ ಗೋಡೆಯ ಮೇಲೆ ಹೆಸರು ಬರೆಸಿ. ಅವರು ನಿಲ್ಲಿಸಿದ್ದಕ್ಕೆ ಬೈಯಬೇಡಿ. ಗ್ರೀಸ್ ತುಂಬಿದ ತಾರೀಖನ್ನೂ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಹೊಸ ಗ್ರೀಸ್ ತುಂಬಿದ ಮೇಲೆ ಕೆಲವು ಗಂಟೆ ಬೇರಿಂಗ್ ಮಾಮೂಲಿಗಿಂತ ಬಿಸಿಯಾಗುವುದು ಸಹಜ, ಆಗ ಹೆದರಿ ಬಿಚ್ಚಬೇಡಿ.

ನಮಸ್ಕಾರ.