ದೊಡ್ಡಪ್ಪನ ರಕ್ತ ಮತ್ತು ಹಣ್ಣಿನ ನೊಣ

ನಮಸ್ಕಾರ. ಇವತ್ತು ನಮ್ಮ ದೊಡ್ಡಪ್ಪನಿಂದ ಶುರು ಮಾಡುತ್ತೇನೆ.

ತಿಪಟೂರಿನ ಹತ್ತಿರ ಅವರ ತೆಂಗಿನ ತೋಟ. ಮುಖ ಯಾವಾಗಲೂ ಕೆಂಪಗಿರುತ್ತಿತ್ತು. ಬಿಸಿಲಲ್ಲಿ ಓಡಾಡುವ ಮನುಷ್ಯ, ಅದಕ್ಕೇ ಇರಬೇಕು ಅಂದುಕೊಂಡಿದ್ದೆವು. "ಮೈ ತುಂಬಾ ರಕ್ತ ಇದೆ ಕಣಯ್ಯಾ ನಿಂಗೆ" ಅಂತ ಊರವರು ಹೊಗಳುತ್ತಿದ್ದರು. ಆಮೇಲೆ ತಲೆನೋವು ಬಂತು. ಬಿಸಿನೀರಿನ ಸ್ನಾನ ಮಾಡಿ ಬಚ್ಚಲಿಂದ ಹೊರಗೆ ಬಂದರೆ ಮೈಯೆಲ್ಲ ತುರಿಕೆ. ಸೋಪು ಬದಲಾಯಿಸಿದರು, ಕಡಲೆಹಿಟ್ಟು ಹಚ್ಚಿಕೊಂಡರು, ಕೊಬ್ಬರಿ ಎಣ್ಣೆ ತಿಕ್ಕಿದರು. ಏನೂ ಕಡಿಮೆಯಾಗಲಿಲ್ಲ. ಕೊನೆಗೆ ಇನ್ನೇನಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 19 ದಾಟಿತ್ತು. ದೊಡ್ಡಮ್ಮನಿಗೆ ಅದು ಒಳ್ಳೆ ಸುದ್ದಿ ಅನ್ನಿಸಿತು. ಡಾಕ್ಟರ್ ಮಾತ್ರ, ತಡಮಾಡದೆ ಬೆಂಗಳೂರಿಗೆ ಹೋಗಿ ಅಂದರು.

ಕಾಯಿಲೆಯ ಹೆಸರು ಪಾಲಿಸೈಥೀಮಿಯಾ ವೆರಾ. ಮೂಳೆಯೊಳಗಿನ ಮಜ್ಜೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತಕಣ ಮಾಡುತ್ತಾ ಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ. ಗಟ್ಟಿಯಾದ ರಕ್ತ ಮಿದುಳಲ್ಲೋ ಹೃದಯದಲ್ಲೋ ಹೆಪ್ಪುಗಟ್ಟಬಹುದು. ಇದು ನಿಧಾನದ ಕಾಯಿಲೆ. ಆದರೆ ಕೆಲವರಲ್ಲಿ ವರ್ಷಗಳಾದ ಮೇಲೆ ಲ್ಯುಕೇಮಿಯಾಕ್ಕೆ, ಅಂದರೆ ರಕ್ತದ ಕ್ಯಾನ್ಸರ್‌ಗೆ ತಿರುಗುತ್ತದೆ. ಚಿಕಿತ್ಸೆ ಅಂದರೆ ಮೊದಲು ರಕ್ತ ತೆಗೆಯುವುದು. ರಕ್ತದಾನದಲ್ಲಿ ತೆಗೆದ ಹಾಗೇ, ಚೀಲದಲ್ಲಿ. ದೊಡ್ಡಪ್ಪ ಮೊದಲ ದಿನವೇ ಕೇಳಿದ್ದರು, "ಯಾರಿಗಾದರೂ ಕೊಡ್ತೀರಾ ಇದನ್ನ?" ಇಲ್ಲ, ಬೇರೆಯವರಿಗೆ ಬಳಸೋ ಹಾಗಿಲ್ಲ. ಅಷ್ಟೊಂದು ರಕ್ತ ಸುಮ್ನೆ ಚೆಲ್ಲಬೇಕಲ್ಲಾ ಅನ್ನೋದು ಅವರಿಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಟ್ಟಿತು.

ನಾನು ಈ ಕಾಯಿಲೆ ಬಗ್ಗೆ ಓದೋಕೆ ಶುರು ಮಾಡಿದ್ದು ಆಗ. ಓದುತ್ತಾ ಹೋದ ಹಾಗೆ, ನಾವೆಲ್ಲ ಪದೇ ಪದೇ ಕೇಳುವ ಒಂದು ಪ್ರಶ್ನೆಯ ಮೇಲೆ ನನಗೆ ಸಿಟ್ಟು ಬಂತು. ವಿಜ್ಞಾನಿಗಳು ಏನಾದರೂ ಹೊಸದು ಕಂಡುಹಿಡಿದರು ಅಂತ ಸುದ್ದಿ ಬಂದ ಕೂಡಲೇ ಕೇಳುತ್ತೇವಲ್ಲ: "ಸರಿ, ಔಷಧಿ ಯಾವಾಗ ಬರುತ್ತೆ?" ನಾನೂ ಕೇಳುತ್ತಿದ್ದೆ. ಆ ಪ್ರಶ್ನೆಯನ್ನು ಪ್ರಯೋಗಾಲಯದ ಬಾಗಿಲಲ್ಲೇ ಕೇಳಬಾರದು ಅಂತ ಈಗ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಫ್ರಾನ್ಸಿನ ವೈದ್ಯ ಲೂಯಿ ವಾಕೆ, 1892ರಲ್ಲಿ. ಆಮೇಲೆ ನೂರು ವರ್ಷ ಕಳೆದರೂ ಇದು ಯಾಕೆ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು 2005ರಲ್ಲಿ. ಜಾಕ್-2 ಅನ್ನೋ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟೇ. ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು ತೊಂಬತ್ತೈದು ಜನರಲ್ಲಿ ಅದೇ ಬದಲಾವಣೆ. ದೊಡ್ಡಪ್ಪನ ರಿಪೋರ್ಟಿನಲ್ಲೂ ಅದೇ ಇದೆ. "ರಕ್ತಕಣ ಮಾಡು" ಅಂತ ಹೇಳುವ ಸ್ವಿಚ್ಚು ಆ ಜೀನ್. ಅವರ ಮಜ್ಜೆಯಲ್ಲಿ ಆ ಸ್ವಿಚ್ಚು ಆರುವುದೇ ಇಲ್ಲ.

ಈಗ ಕೇಳಿ. ಇದಕ್ಕೆ ಹತ್ತು ವರ್ಷ ಮೊದಲೇ, 1995ರಲ್ಲಿ, ಅದೇ ಸ್ವಿಚ್ಚು ಕೆಟ್ಟರೆ ರಕ್ತಕಣ ಮಿತಿಮೀರಿ ಬೆಳೆಯುತ್ತವೆ ಅಂತ ತೋರಿಸಿಯಾಗಿತ್ತು. ಎಲ್ಲಿ? ಹಣ್ಣಿನ ನೊಣದಲ್ಲಿ. ಬಾಳೆಹಣ್ಣು ಕಳಿತರೆ ಅದರ ಮೇಲೆ ಹಾರಾಡುತ್ತಲ್ಲ, ಆ ಪುಟ್ಟ ನೊಣ. ಅದರಲ್ಲೂ ಜಾಕ್ ಜೀನ್ ಇದೆ. ಅದು ಕೆಟ್ಟ ನೊಣದ ಮರಿಹುಳುವಿನಲ್ಲಿ ರಕ್ತಕಣಗಳು ಗುಂಪುಗಟ್ಟಿ ಕಪ್ಪು ಗಂಟುಗಳಾಗುತ್ತವೆ. ಒಂದು ರೀತಿಯಲ್ಲಿ ನೊಣದ ಲ್ಯುಕೇಮಿಯಾ. ಆ ಕೆಲಸ ಮಾಡಿದವರನ್ನು ಅವತ್ತು ಯಾರಾದರೂ "ಔಷಧಿ ಯಾವಾಗ" ಅಂತ ಕೇಳಿದ್ದರೆ ಏನು ಹೇಳಬೇಕಿತ್ತು? ಆದರೆ 2011ರಲ್ಲಿ ಜಾಕ್ ತಡೆಯುವ ಮಾತ್ರೆಗೆ, ರುಕ್ಸೋಲಿಟಿನಿಬ್‌ಗೆ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮೊದಲು ಇದರ ನಂಟಿನ ಇನ್ನೊಂದು ಮಜ್ಜೆಯ ಕಾಯಿಲೆಗೆ; 2014ರಲ್ಲಿ ದೊಡ್ಡಪ್ಪನ ಕಾಯಿಲೆಗೂ. ಅದು ಕಾಯಿಲೆಯನ್ನು ಬೇರುಸಮೇತ ಕೀಳುವುದಿಲ್ಲ. ಈ ಕಾಯಿಲೆಯಲ್ಲಿ ಊದಿಕೊಳ್ಳುವ ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಇರುವ ಅಂಗ, ಇಳಿಯುತ್ತದೆ, ತುರಿಕೆ ಕಡಿಮೆಯಾಗುತ್ತದೆ. ತುರಿಕೆ ತಾನೇ ಅನ್ನಬೇಡಿ. ಸ್ನಾನಕ್ಕೆ ಹೋಗೋಕೆ ಹೆದರುವ ಮನುಷ್ಯನನ್ನು ನಾನು ನೋಡಿದ್ದೇನೆ.

ನನಗೆ ಜಾಸ್ತಿ ಖುಷಿಯಾಗಿದ್ದು, ಈ ಕಥೆಯ ಮುಂದಿನ ಭಾಗ ನಮ್ಮ ಬೆಂಗಳೂರಲ್ಲೇ ನಡೆದಿದೆ ಅಂತ ತಿಳಿದಾಗ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಮನೀಷಾ ಇನಾಂದಾರ್ ಅವರ ತಂಡ ಒಂದು ಜೀನ್ ಹಿಂದೆ ಬಿತ್ತು. ರಕ್ತನಾಳದಲ್ಲೂ ರಕ್ತದಲ್ಲೂ ಕೆಲಸ ಮಾಡುವ ಜೀನ್. ಅದಕ್ಕೆ ಅವರು ಇಟ್ಟ ಹೆಸರು ಅಸೃಜ್. ಸಂಸ್ಕೃತದಲ್ಲಿ ಹಾಗಂದರೆ ರಕ್ತ.

ರಕ್ತ ಬೇರೆ, ನಾಳ ಬೇರೆ ಅಂತ ನಾವು ತಿಳಿದಿದ್ದೇವೆ, ನೀರು ಬೇರೆ ಪೈಪು ಬೇರೆ ಅನ್ನೋ ಹಾಗೆ. ದೇಹದಲ್ಲಿ ಹಾಗಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮ ರಕ್ತದ ಮೂಲಕೋಶಗಳು, ಅಂದರೆ ಎಲ್ಲ ರಕ್ತಕಣಗಳನ್ನೂ ಹುಟ್ಟಿಸುವ ಸ್ಟೆಮ್ ಸೆಲ್‌ಗಳು ದೊಡ್ಡ ರಕ್ತನಾಳದ ಗೋಡೆಯಿಂದಲೇ ಎದ್ದು ಬರುತ್ತವೆ. ಗೋಡೆಯ ಕೋಶವೇ ಕಳಚಿಕೊಂಡು ರಕ್ತವಾಗುತ್ತದೆ! ನೊಣಕ್ಕೆ ನಮ್ಮಂಥ ಕೆಂಪು ರಕ್ತವಿಲ್ಲ, ನಾಳಗಳ ಜಾಲವೂ ಇಲ್ಲ. ಹೃದಯ ಅನ್ನೋ ಒಂದೇ ಕೊಳವೆ ಇದೆ. ಅದರ ಮರಿಹುಳುವಿನಲ್ಲೂ ರಕ್ತಕಣ ತಯಾರಾಗುವ ಒಂದು ಜಾಗ ಆ ಕೊಳವೆಯ ಪಕ್ಕದಲ್ಲೇ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನಾಂದಾರ್ ತಂಡ ನೊಣದಿಂದ ಅಸೃಜ್ ಜೀನ್ ತೆಗೆದು ನೋಡಿತು. ರಕ್ತದ ಮೂಲಕೋಶಗಳು ಕಾಯಲಿಲ್ಲ. ಮೂಲಕೋಶವಾಗಿ ಉಳಿಯುವ ಬದಲು ಅವಸರದಲ್ಲಿ ರಕ್ತಕಣಗಳಾಗಿಬಿಟ್ಟವು. ಆಮೇಲೆ ಇಲಿಯಲ್ಲಿ ನೋಡಿದರು, 2019ರಲ್ಲಿ ಅದು ಪ್ರಕಟವಾಯಿತು. ಇಲಿಯ ಮಜ್ಜೆಯಲ್ಲಿ ಸ್ಟೆಮ್ ಸೆಲ್‌ಗಳು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತವೆ. ನಮ್ಮಲ್ಲೂ ಹಾಗೇ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ಹುಟ್ಟುವ ಕಾರ್ಖಾನೆಯಲ್ಲಿ ಯಜಮಾನ ಮಲಗಿರುತ್ತಾನೆ. ಅವನು ಮಲಗಿರುವುದೇ ಆರೋಗ್ಯ. ಅಸೃಜ್ ಇಲ್ಲದ ಇಲಿಯಲ್ಲಿ ಅವನಿಗೆ ಎಚ್ಚರವಾಗುತ್ತದೆ. ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಪಿ-53 ಅನ್ನೋ ಪ್ರೋಟೀನ್ ಕಡಿಮೆಯಾಗುತ್ತದೆ, ರಕ್ತಕಣಗಳು ಹದ್ದು ಮೀರುತ್ತವೆ. ದೊಡ್ಡಪ್ಪನ ಕಾಯಿಲೆಯ ನಂಟರೇ ಆದ ಲಕ್ಷಣಗಳು ಇಲಿಗೆ ಬರುತ್ತವೆ.

ಇದರಿಂದ ಔಷಧಿ ಬಂದಿದೆಯಾ? ಇಲ್ಲ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೋಸ್ಟನ್ನಿನ ಸರ್ಜನ್ ಜೂಡಾ ಫೋಕ್‌ಮನ್ ಅವರನ್ನು ನೆನೆಸಿಕೊಳ್ಳಿ. ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ತನ್ನ ಕಡೆಗೆ ಹೊಸ ರಕ್ತನಾಳ ಎಳೆದುಕೊಳ್ಳಬೇಕು, ಆ ನಾಳ ತಡೆದರೆ ಗಡ್ಡೆ ನಿಲ್ಲುತ್ತದೆ ಅಂತ ಅವರು 1971ರಲ್ಲಿ ಬರೆದರು. ಬಹಳ ಜನ ನಂಬಲಿಲ್ಲ. ಅದರ ಮೇಲೆ ನಿಂತ ಬೆವಾಸಿಜುಮ್ಯಾಬ್ ಅನ್ನೋ ಕ್ಯಾನ್ಸರ್ ಔಷಧಿ ಬಂದದ್ದು 2004ರಲ್ಲಿ. ನಡುವೆ 33 ವರ್ಷ. ಲ್ಯುಕೇಮಿಯಾ ಇರುವ ಮಕ್ಕಳ ಮಜ್ಜೆಯಲ್ಲೂ ನಾಳಗಳು ಹೆಚ್ಚಿರುತ್ತವೆ ಅಂತ 1997ರಲ್ಲಿ ಗೊತ್ತಾಯಿತು. ಹರಿಯುವ ರಕ್ತದ ಕ್ಯಾನ್ಸರ್‌ಗೂ ನಾಳ ಬೇಕು! ಹಾಗಂತ ನಾಳ ತಡೆಯುವ ಔಷಧಿ ಲ್ಯುಕೇಮಿಯಾದಲ್ಲಿ ಅಂದುಕೊಂಡಷ್ಟು ಕೆಲಸ ಮಾಡಲಿಲ್ಲ. ಅದೂ ಇದೆ. ಯಾವ ದಾರಿ ಆಸ್ಪತ್ರೆಗೆ ಹೋಗುತ್ತದೆ, ಯಾವುದು ಅರ್ಧಕ್ಕೆ ನಿಲ್ಲುತ್ತದೆ ಅಂತ ನಡೆಯುವಾಗ ಯಾರಿಗೂ ತಿಳಿಯುವುದಿಲ್ಲ.

ಅದಕ್ಕೇ ನನಗೆ ನೋವಾಗುವುದು. ನಮ್ಮ ದೇಶ 2020-21ರಲ್ಲಿ ಸಂಶೋಧನೆಗೆ ಕೊಟ್ಟಿದ್ದು ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ 0.64ರಷ್ಟು. ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರಿಗೆ ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುತ್ತದೆ. ಊರಿಗೆ ಹೋದರೆ ನೆಂಟರು ಕೇಳುತ್ತಾರೆ, "ನೊಣದ ಮೇಲೆ ಸಂಶೋಧನೆನಾ? ಅದರಿಂದ ಏನು ಉಪಯೋಗ?" ಆ ಹುಡುಗಿಗೆ ಉತ್ತರ ಕೊಡುವ ಕಷ್ಟ ಯಾಕೆ ಬರಬೇಕು? ಉತ್ತರ ನಮ್ಮ ದೊಡ್ಡಪ್ಪನ ರಿಪೋರ್ಟಿನಲ್ಲಿದೆ ಅಲ್ವಾ? ಅವಳನ್ನು "ಏನು ನೋಡಿದೆ ಹೇಳು" ಅಂತ ಕೇಳಿ. ಕಣ್ಣರಳಿಸಿ ಒಂದು ಗಂಟೆ ಹೇಳುತ್ತಾಳೆ.

ಹೋದ ಸಲ ರಕ್ತ ತೆಗೆಸಲು ಕರೆದುಕೊಂಡು ಹೋದಾಗ ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ತೋಳಿಗೆ ಸೂಜಿ ಚುಚ್ಚಿತ್ತು. ಅವರು ಪೂರ್ತಿ ಕೇಳಿದರು. ಆಮೇಲೆ, "ಆ ನೊಣಗಳನ್ನ ಸಾಕೋದು ಎಲ್ಲಿ? ಏನು ತಿನ್ನಿಸ್ತಾರೆ?" ಅಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣಗಳ ತಳಿ ಕಾಪಾಡುವ ಕೇಂದ್ರವೇ ಇದೆ ಅಂದೆ. ಗೋಧಿ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿ ಆಹಾರ ಮಾಡುತ್ತಾರೆ. ಅದನ್ನು ಸೀಸೆಗೆ ಹಾಕಿ, ನೊಣಗಳನ್ನು ಹಳೇ ಸೀಸೆಯಿಂದ ಹೊಸದಕ್ಕೆ ಬಿಡುತ್ತಾ ಇರಬೇಕು. ಬಿಟ್ಟರೆ ತಳಿ ಸಾಯುತ್ತದೆ.

"ಸಜ್ಜಿಗೆ ಅನ್ನು ಹಾಗಾದ್ರೆ," ಅಂದರು ದೊಡ್ಡಪ್ಪ. ಸ್ವಲ್ಪ ಹೊತ್ತು ಚೀಲ ತುಂಬುವುದನ್ನೇ ನೋಡಿದರು. "ದಸರಾ ರಜೆಯಲ್ಲೂ ಯಾರೋ ಒಬ್ಬರು ಬಂದು ಮಾಡಿ ಹಾಕ್ಬೇಕಲ್ಲಪ್ಪಾ ಅದಕ್ಕೆ."