ಮಾತು ಬಾರದ ಮಗುವಿಗೂ ಹೇಳುವುದಿದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲ ಅಂದರೆ, ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅವರಪ್ಪನಿಗೂ ತಡವಾಗೇ ಬಂದಿದ್ದು, ಬಿಡಿ." ಬಜೆ ತೇಯ್ದು ನಾಲಿಗೆಗೆ ಹಚ್ಚುವವರೂ ಇದ್ದಾರೆ. ದಯವಿಟ್ಟು ಹಾಗೆ ಕಾಯುತ್ತಾ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಕಿವಿ ಪರೀಕ್ಷೆಯಿಂದ ಹಿಡಿದು ಮಾತಿನ ತರಬೇತಿವರೆಗೆ ಅಲ್ಲಿ ಒಂದೇ ಕಡೆ ಸಿಗುತ್ತದೆ.

ಕಿವಿ ಸರಿಯಿದೆ, ಆದರೂ ಮಾತಿಲ್ಲ. ಬೇರೆಯವರೊಡನೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಆಟಿಸಂ ಇರಬಹುದು, ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರಬಹುದು, ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿರುವ ಡೌನ್ ಸಿಂಡ್ರೋಮ್ ಇರಬಹುದು. ಥೆರಪಿ, ಅಂದರೆ ಮಾತಿನ ತರಬೇತಿ, ಶುರುವಾಯಿತು ಅಂತಲೇ ಇಟ್ಟುಕೊಳ್ಳಿ. ಮಾತು ಬರುವವರೆಗೆ ಆ ಮಗು ಏನು ಮಾಡಬೇಕು? ಹೊಟ್ಟೆ ನೋವು, ಟಿವಿ ಸದ್ದು ಜಾಸ್ತಿಯಾಯಿತು ಅಂತ ಹೇಗೆ ತಿಳಿಸಬೇಕು? ಬೇರೆ ದಾರಿ ಕಾಣದೆ ಕಚ್ಚುತ್ತದೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ನಾವು ಅದನ್ನು ಹಟ ಅನ್ನುತ್ತೇವೆ.

ಅದಕ್ಕೇ ಚಿತ್ರಗಳು. ಪೆಕ್ಸ್ ಅನ್ನುವ ಒಂದು ವಿಧಾನವಿದೆ. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು. ಮಗು ಬಿಸ್ಕತ್ತಿನ ಚಿತ್ರವನ್ನು ನಿಮ್ಮ ಕೈಗೆ ಕೊಡುತ್ತದೆ, ನೀವು ಆ ಕ್ಷಣವೇ ಬಿಸ್ಕತ್ತು ಕೊಡುತ್ತೀರಿ. ನೋಡೋದಕ್ಕೆ ಇಷ್ಟೇ. ಆದರೆ ಬೇಕಾದ್ದನ್ನು ಇನ್ನೊಬ್ಬರಿಗೆ ತಿಳಿಸಬಹುದು ಅನ್ನೋದು ಮಗುವಿಗೆ ಅಲ್ಲೇ ಹೊಳೆಯುತ್ತದೆ. ಚಿತ್ರ ಒತ್ತಿದರೆ ದನಿ ಬರುವ ಆ್ಯಪ್‌ಗಳೂ ಇವೆ. ಚೆನ್ನೈನಲ್ಲಿ ತಯಾರಾದ ಆವಾಜ್ ಅಂಥದ್ದು. ಟ್ಯಾಬ್ ಇಲ್ಲದಿದ್ದರೆ ಚಿಂತೆಯಿಲ್ಲ, ಚಿತ್ರ ಅಂಟಿಸಿದ ಒಂದು ರಟ್ಟು ಸಾಕು. ಅಂಗಡಿಯ ಚಾರ್ಟ್‌ನಲ್ಲಿರುವ ಗಾಜಿನ ಲೋಟಕ್ಕಿಂತ ನಿಮ್ಮನೆಯ ಸ್ಟೀಲ್ ಲೋಟದ ಫೋಟೊ ಮಗುವಿಗೆ ಬೇಗ ಗುರುತು ಸಿಗುತ್ತದೆ. ಇನ್ನೊಂದು ಮಾತು. ಇಡ್ಲಿ, ನೀರು, ಬಾತ್‌ರೂಮ್ ಎಲ್ಲರೂ ಅಂಟಿಸುತ್ತಾರೆ. "ಬೇಡ" ಮತ್ತು "ಸಾಕು" ಮಾತ್ರ ಮರೆತೇಹೋಗುತ್ತವೆ. ನನ್ನ ಪ್ರಕಾರ ಅವೇ ಮೊದಲು ಇರಬೇಕು. ಬೇಡ ಅನ್ನೋಕೆ ಕಾರ್ಡ್ ಇದ್ದರೆ ತಟ್ಟೆ ಎಸೆಯುವುದು ಕಡಿಮೆಯಾಗುತ್ತದೆ.

"ಚಿತ್ರ ರೂಢಿಯಾದರೆ ಬಾಯಿ ಸೋಮಾರಿ ಆಗಲ್ವಾ?" ಅಂತ ಕೇಳುತ್ತಾರೆ. ಆಗೋದಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಮಾತು ಕುಗ್ಗಿದ್ದು ಕಂಡಿಲ್ಲ, ಕೆಲವು ಮಕ್ಕಳಲ್ಲಿ ಹೆಚ್ಚಿದೆ.

"ಮನೆಯಲ್ಲಿ ಬರೀ ಇಂಗ್ಲಿಷ್ ಆಡಿ, ಎರಡು ಭಾಷೆ ಆದರೆ ಗೊಂದಲ" ಅನ್ನುವ ಸಲಹೆಯೂ ಉಂಟು. ಇದು ನನಗೆ ಕೋಪ ತರಿಸುವ ಸಲಹೆ. ಆಟಿಸಂ ಇರಲಿ, ಡೌನ್ ಸಿಂಡ್ರೋಮ್ ಇರಲಿ, ಎರಡು ಭಾಷೆ ಕೇಳಿದ್ದರಿಂದ ಮಾತು ಮತ್ತಷ್ಟು ತಡವಾಗುತ್ತದೆ ಅನ್ನೋದಕ್ಕೆ ಆಧಾರವಿಲ್ಲ. ಇಂಗ್ಲಿಷ್ ಬಾರದ ಅಜ್ಜಿ ಪಾಪ, ಮೊಮ್ಮಗುವಿನ ಎದುರು ಬಾಯಿ ಮುಚ್ಚಿ ಕೂರಬೇಕಾ?

ಕೆಲವು ಮಕ್ಕಳು ಕೇಳಿದ್ದನ್ನೇ ತಿರುಗಿ ಹೇಳುತ್ತವೆ. ಬಾಯಾರಿಕೆಯಾದಾಗ ಅಮ್ಮನ ಹತ್ತಿರ ಬಂದು "ನೀರು ಬೇಕಾ?" ಅನ್ನುತ್ತವೆ. ನಗಬೇಡಿ, ಗದರಬೇಡಿ. ಅಮ್ಮ ನೀರು ಕೊಡುವಾಗಲೆಲ್ಲ ಮಗು ಕೇಳಿರುವುದು ಅದೇ ಮಾತು, ಅಲ್ವಾ? "ನೀರು ಬೇಕು" ಅಂತ ಮಗುವಿನ ಪರವಾಗಿ ನೀವೇ ಒಮ್ಮೆ ಹೇಳಿ ಲೋಟ ಕೊಡಿ. ಸಾಕು. ಏನಾದರೂ ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ನಿರಿ. ಉತ್ತರ ನಾಲಿಗೆ ತುದಿಗೆ, ಬೆರಳ ತುದಿಗೆ ಬರುವಷ್ಟರಲ್ಲಿ ನಾವೇ ಹೇಳಿಬಿಡುತ್ತೇವೆ.

ಖರ್ಚಿನ ಮಾತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಗೂ ಒಂದು ಪಾಲು ಇದೆ. ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಮೊದಲು ಅದನ್ನು ಮಾಡಿಸಿಕೊಳ್ಳಿ.

ಮಗು ಶಾಲೆಗೆ ಹೋಗುತ್ತಿದ್ದರೆ ಚಿತ್ರದ ರಟ್ಟೂ ಚೀಲದಲ್ಲಿ ಹೋಗಲಿ. ಟೀಚರಿಗೆ ತೋರಿಸಿ, ವ್ಯಾನ್ ಡ್ರೈವರಣ್ಣನಿಗೂ ತೋರಿಸಿಡಿ. ನಮಸ್ಕಾರ.